ಕೂತ್ಕೋ ಮೇಬಲ್

ಹೋದ ವಾರ ತಂಗಿ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡುತ್ತಾ ಕೇಳಿದಳು, "ಅಕ್ಕಾ, ನೀನು ಯಾವಾಗಲೂ ಒಂದು ಹಳೇ ಸಿನಿಮಾ ವಿಷಯ ಹೇಳ್ತಿರ್ತೀಯಲ್ಲ, ಆ ಮೇಬಲ್ ಅನ್ನೋ ಹೆಂಗಸಿನ ಕತೆ. ಚೆನ್ನಾಗಿದ್ಯಾ? ನೋಡ್ಲಾ?" ಹೌದು ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬರಲಿಲ್ಲ. ಇಲ್ಲ ಅನ್ನುವುದಂತೂ ಸಾಧ್ಯವೇ ಇರಲಿಲ್ಲ. "ಆಮೇಲೆ ಹೇಳ್ತೀನಿ ಕಣೆ" ಅಂದು ಮಾತು ಬದಲಾಯಿಸಿದೆ. ಅವತ್ತಿನಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ನಾನು ಮೂರು ಸಲ ನೋಡಿದ ಸಿನಿಮಾ ಅದು. ಮೂರು ಸಲವೂ ಆಮೇಲೆ ಮೈಯಲ್ಲಿ ಶಕ್ತಿಯೇ ಉಳಿದಿರಲಿಲ್ಲ. ನನಗೆ ತುಂಬಾ ದೊಡ್ಡದು ಅನ್ನಿಸುವ ಕೆಲವೇ ಸಿನಿಮಾಗಳಲ್ಲಿ ಅದೂ ಒಂದು. ಆದರೂ ಅದನ್ನು ನೋಡುತ್ತಾ ಖುಷಿಪಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ತೊಂದರೆ ಇರುವುದು 'ಚೆನ್ನಾಗಿದೆ' ಅನ್ನೋ ಮಾತಿನಲ್ಲೇ ಇರಬೇಕು. ನಾವು ಎಲ್ಲದಕ್ಕೂ ಅದನ್ನೇ ಹೇಳುತ್ತೇವೆ. ಸಾರು ಚೆನ್ನಾಗಿದೆ, ಮಗು ಚೆನ್ನಾಗಿದೆ, ಕವಿತೆ ಚೆನ್ನಾಗಿದೆ. ಚೆನ್ನಾಗಿದೆ ಅಂದ ಕೂಡಲೇ ಅದು ಹಿತವಾಗಿದೆ ಅಂತಲೂ ಕೇಳುವವರಿಗೆ ಅನ್ನಿಸುತ್ತದೆ. ಹಿತವಾಗಿಲ್ಲ, ಆದರೆ ಒಳ್ಳೆಯದು ಅನ್ನುವುದಕ್ಕೆ ದಿನದ ಮಾತಿನಲ್ಲಿ ಒಂದು ಪದ ನನಗೆ ಸಿಕ್ಕಿಲ್ಲ. 'ಮೆಚ್ಚಿಕೊಂಡೆ' ಅನ್ನಬಹುದು. ಫೋನಿನಲ್ಲಿ ತಂಗಿಗೆ ಯಾರು ಹಾಗೆ ಮಾತಾಡ್ತಾರೆ?

ಸಿನಿಮಾದ ಹೆಸರು 'ಎ ವುಮನ್ ಅಂಡರ್ ದ ಇನ್ಫ್ಲುಯೆನ್ಸ್'. 1974ರದು. ಅಮೆರಿಕದ ನಿರ್ದೇಶಕ ಜಾನ್ ಕ್ಯಾಸವೆಟೀಸ್ ಮಾಡಿದ್ದು. ಲಾಸ್ ಏಂಜಲೀಸಿನ ಒಂದು ಸಾಧಾರಣ ಮನೆ. ನಿಕ್ ಪೈಪ್ ಲೈನ್ ಕೆಲಸದ ಮೇಸ್ತ್ರಿ. ಅವನ ಹೆಂಡತಿ ಮೇಬಲ್. ಮೂರು ಮಕ್ಕಳು. ಮೇಬಲ್ ಮನಸ್ಸು ಹದ ತಪ್ಪುತ್ತಾ ಹೋಗುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ. ಆರು ತಿಂಗಳಾದ ಮೇಲೆ ವಾಪಸ್ ಬರುತ್ತಾಳೆ. ಕತೆ ಇಷ್ಟೇ. ಎರಡೂವರೆ ಗಂಟೆ.

ಬೆಳಗಿನ ಊಟ

ಮೊದಲ ಸಲ ನಾನು ಅದನ್ನು ಅರ್ಧಕ್ಕೆ ನಿಲ್ಲಿಸಿದ್ದೆ. ಅರ್ಧ ಅನ್ನುವುದೂ ಜಾಸ್ತಿಯೇ. ಊಟದ ದೃಶ್ಯದವರೆಗೆ ಮಾತ್ರ ನೋಡಿದ್ದೆ. ಹಿಂದಿನ ರಾತ್ರಿ ಗಂಡ ಹೆಂಡತಿ ಇಬ್ಬರೇ ಇರಬೇಕು ಅಂತ ಮೇಬಲ್ ಮಕ್ಕಳನ್ನು ತನ್ನ ತಾಯಿಯ ಜೊತೆ ಕಳಿಸಿರುತ್ತಾಳೆ. ಎಲ್ಲೋ ನೀರಿನ ದೊಡ್ಡ ಪೈಪ್ ಒಡೆದು ನಿಕ್ ರಾತ್ರಿಯೆಲ್ಲಾ ಕೆಲಸದಲ್ಲೇ ಉಳಿಯುತ್ತಾನೆ. ಬೆಳಗ್ಗೆ ಬರುವಾಗ ತನ್ನ ಕೆಲಸಗಾರರನ್ನೆಲ್ಲಾ ಕಟ್ಟಿಕೊಂಡು ಬರುತ್ತಾನೆ. ಮೇಬಲ್ ಬೇಸರ ತೋರಿಸುವುದಿಲ್ಲ. ಎಲ್ಲರಿಗೂ ಸ್ಪಗೆಟಿ ಮಾಡುತ್ತಾಳೆ. ಉದ್ದನೆಯ ಮೇಜು. ಕೊಳಕು ಬಟ್ಟೆಯ, ನಿದ್ದೆಗೆಟ್ಟ ಗಂಡಸರು. ತುದಿಯಲ್ಲಿ ಮೇಬಲ್, ಎಲ್ಲರ ಹೆಸರು ಕೇಳುತ್ತಾ, ಎಲ್ಲರ ಮುಖ ನೋಡುತ್ತಾ.

ಅವರಲ್ಲೊಬ್ಬ ಒಪೆರಾ ಹಾಡು ಎತ್ತಿಕೊಳ್ಳುತ್ತಾನೆ. ಒಳ್ಳೆಯ ಕಂಠ. ಮೇಬಲ್ ಎದ್ದು ಹೋಗಿ ಅವನ ಮುಖದ ಹತ್ತಿರಕ್ಕೆ ಬಗ್ಗುತ್ತಾಳೆ. ದನಿ ಎಲ್ಲಿಂದ ಬರುತ್ತಿದೆ ಅಂತ ಹುಡುಕುವ ಮಗುವಿನ ಹಾಗೆ. ಅಲ್ಲಿಯವರೆಗೆ ಎಲ್ಲಾ ಸೊಗಸಾಗಿದೆ. ಆಮೇಲೆ ಅವಳು ಇನ್ನೊಬ್ಬನ ಹತ್ತಿರ ಹೋಗುತ್ತಾಳೆ. ನಾಚಿಕೆ ಸ್ವಭಾವದವನು. ಅವನು ಚೆಂದ ಇದ್ದಾನೆ ಅನ್ನುತ್ತಾಳೆ. ತನ್ನ ಜೊತೆ ಕುಣಿಯಲು ಕರೆಯುತ್ತಾಳೆ. ಅವನು ಬೇಡ ಅಂತಾನೆ. ಅವಳು ಬಿಡುವುದಿಲ್ಲ. ಅವಳ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇಲ್ಲ, ಅದು ಎಲ್ಲರಿಗೂ ಕಾಣುತ್ತಿದೆ. ಆದರೆ ಒಂದೆರಡು ಕ್ಷಣ ಜಾಸ್ತಿಯಾಗಿದೆ. ಮೇಜಿನ ಸುತ್ತ ನಗು ಸಣ್ಣದಾಗುತ್ತದೆ. ಒಬ್ಬೊಬ್ಬರೇ ತಟ್ಟೆ ನೋಡತೊಡಗುತ್ತಾರೆ. ಕ್ಯಾಮೆರಾ ಮಾತ್ರ ಕಣ್ಣು ತಪ್ಪಿಸುವುದಿಲ್ಲ. ನಾನು ಸೋಫಾದಲ್ಲಿ ಮೈ ಹಿಡಿ ಮಾಡಿಕೊಂಡು ಕೂತಿದ್ದೆ. ಸಾಕು, ಯಾರಾದರೂ ನಿಲ್ಲಿಸಿ, ಅಂತ ಒಳಗೊಳಗೇ ಅನ್ನುತ್ತಿದ್ದೆ. ಆಗ ನಿಕ್ ಕಿರುಚುತ್ತಾನೆ. ಕೂತ್ಕೋ ಅಂತ, ಎಲ್ಲರೆದುರು, ಒರಟಾಗಿ.

ನನಗೆ ಹಾಯೆನ್ನಿಸಿತು.

ಒಂದೇ ಕ್ಷಣ. ಆಮೇಲೆ ಮೇಬಲ್ ಮುಖ ಕಂಡಿತು. ನಾನು ಟಿವಿ ಆರಿಸಿ ಎದ್ದು ಹೋದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆದೆ. ಸಿನಿಮಾ ಬೋರು, ಎಳೆದಾಟ ಜಾಸ್ತಿ ಅಂತ ನನಗೆ ನಾನೇ ಹೇಳಿಕೊಂಡೆ. ಬೋರಾಗಿರಲಿಲ್ಲ. ಬೋರಾದವರು ಎದೆ ಡವಗುಟ್ಟಿಸಿಕೊಂಡು ಪಾತ್ರೆ ತೊಳೆಯುವುದಿಲ್ಲ.

ಸಾಕು ಅಂದ ದಿನ

ಮತ್ತೆ ಅದನ್ನು ನೋಡಲು ನನಗೆ ಒಂದು ವರ್ಷ ಬೇಕಾಯಿತು. ಆ ವರ್ಷದಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ಸಿನಿಮಾ ಅಲ್ಲ. ನನ್ನ ಚಿಕ್ಕಮ್ಮ. ಒಂದು ಮಧ್ಯಾಹ್ನ ಮನೆ ತುಂಬಾ ನೆಂಟರು. ಊಟ ಮುಗಿದಿತ್ತು. ಚಿಕ್ಕಮ್ಮ ಅವತ್ತು ತುಂಬಾ ಖುಷಿಯಲ್ಲಿದ್ದರು. ಅವರ ಖುಷಿ ಸ್ವಲ್ಪ ಹೆಚ್ಚಾದರೆ ಮನೆಯವರೆಲ್ಲಾ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರಿಗೆ ಹುಷಾರಿಲ್ಲದ ದಿನಗಳ ಬಗ್ಗೆ ಮಕ್ಕಳೆದುರು ಯಾರೂ ಮಾತಾಡುತ್ತಿರಲಿಲ್ಲ, ನಾವು ದೊಡ್ಡವರಾದ ಮೇಲೂ ಮಾತಾಡಲಿಲ್ಲ. ಅವತ್ತು ಅವರು ಎಲ್ಲರ ಕೈಯಲ್ಲೂ ಹಾಡಿಸಬೇಕು ಅಂತ ಹೊರಟರು. ಇಬ್ಬರು ಹಾಡಿದರು. ಚಪ್ಪಾಳೆ ತಟ್ಟಿದೆವು. ಮೂರನೆಯವನು ನನ್ನ ಚಿಕ್ಕಪ್ಪನ ಮಗ. ಹದಿನಾರೋ ಹದಿನೇಳೋ ವಯಸ್ಸು, ದನಿ ಒಡೆದು ಮಾತಾಡಲೂ ನಾಚುತ್ತಿದ್ದ. ಚಿಕ್ಕಮ್ಮ ಅವನ ಮುಂದೆ ಮಂಡಿಯೂರಿ ಕೂತು ಗಲ್ಲ ಹಿಡಿದುಕೊಂಡರು. "ಹಾಡೋ ಮರಿ, ನಿನ್ನ ದನಿ ಎಷ್ಟು ಚೆನ್ನಾಗಿದೆ ಗೊತ್ತಾ ನಿಂಗೆ?" ಅವನು ಕೆಂಪಾದ. "ಒಂದೇ ಸಾಲು ಕಣೋ." ಕೋಣೆಯಲ್ಲಿ ಫ್ಯಾನಿನ ಸದ್ದು ಕೇಳಿಸುವಷ್ಟು ಮೌನ.

"ಚಿಕ್ಕಮ್ಮ, ಸಾಕು, ಕೂತ್ಕೊಳ್ಳಿ" ಅಂದದ್ದು ನಾನು. ಜೋರಾಗಿ ಅಲ್ಲ. ಮೆತ್ತಗೆ, ನಗುತ್ತಲೇ. ಕೋಣೆಯಲ್ಲಿ ಎಲ್ಲರೂ ಉಸಿರು ಬಿಟ್ಟದ್ದು ನನಗೆ ಗೊತ್ತಾಯಿತು. ನನ್ನ ಮಾವ ನನ್ನನ್ನು ನೋಡಿ ತಲೆ ಆಡಿಸಿದರು, ಒಳ್ಳೇ ಕೆಲಸ ಮಾಡಿದೆ ಅನ್ನುವ ಹಾಗೆ. ಚಿಕ್ಕಮ್ಮ ಎದ್ದು ಬಂದು ತಮ್ಮ ಜಾಗದಲ್ಲಿ ಕೂತರು. ಪಕ್ಕದಲ್ಲಿದ್ದ ನೀರಿನ ಲೋಟ ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದರು. ಕುಡಿಯಲಿಲ್ಲ. ಎಲ್ಲರೂ ಹೊರಡುವವರೆಗೂ ಹಾಗೇ ಹಿಡಿದುಕೊಂಡಿದ್ದರು. ಲೋಟದ ಅಂಚಿನ ಮೇಲೆ ಅವರ ಹೆಬ್ಬೆರಳು ಒಂದೇ ಸಮನೆ ಓಡಾಡುತ್ತಿತ್ತು.

ನಿಕ್ ಕಿರುಚಿದಾಗ ನನಗೆ ಹಾಯೆನ್ನಿಸಿದ್ದು ಯಾಕೆ ಅಂತ ನನಗೆ ಅರ್ಥವಾಗಿದ್ದು ಈ ಲೋಟ ನೆನಪಾದ ಮೇಲೆ. ನನಗೂ ಆ ಮನೆಯವರಿಗೂ ವ್ಯತ್ಯಾಸ ಇರಲಿಲ್ಲ. ಅವರಿಗೆ ಮೇಬಲ್ ಸುಮ್ಮನಾಗಬೇಕಿತ್ತು. ನನಗೂ ಅಷ್ಟೇ. ಅವರಿಗೆ ನೆಮ್ಮದಿಯಾಗಿ ಊಟ ಮುಗಿಸಬೇಕಿತ್ತು. ನನಗೆ ನೆಮ್ಮದಿಯಾಗಿ ಸಿನಿಮಾ ಮುಗಿಸಬೇಕಿತ್ತು. ಈ ಸಿನಿಮಾ ಇನ್ನಷ್ಟು ಹಿತವಾಗಿದ್ದಿದ್ದರೆ ನಾನು ಮೇಬಲ್ ಪಕ್ಷದಲ್ಲಿ ನಿಂತುಬಿಡುತ್ತಿದ್ದೆ. ಪಾಪ ಅನ್ನುತ್ತಿದ್ದೆ, ಅತ್ತುಬಿಡುತ್ತಿದ್ದೆ, ಅತ್ತು ಹಗುರಾಗಿ ಮಲಗುತ್ತಿದ್ದೆ. ಅದು ನನಗೆ ಆ ದಾರಿ ಕೊಡಲಿಲ್ಲ. ಆ ಮೇಜಿನಲ್ಲೇ ಒಂದು ಕುರ್ಚಿ ಎಳೆದು ಕೂರಿಸಿತು. ನೋಡಲು ಕಷ್ಟ ಅನ್ನುವುದು ಈ ಸಿನಿಮಾದ ಕೊರತೆ ಅಂತ ಮೊದಲು ಅಂದುಕೊಂಡಿದ್ದೆ. ಅದು ಕೆಲಸ ಮಾಡುವುದೇ ಆ ಕಷ್ಟದ ಮೂಲಕ.

ಯಾರಿಗೂ ಬೇಡದ ಸಿನಿಮಾ

ಇದನ್ನು ಮಾಡಿದವರಿಗೂ ಇದು ಸುಲಭವಾಗಿರಲಿಲ್ಲ. ಕ್ಯಾಸವೆಟೀಸ್ ಮೊದಲು ಇದನ್ನು ನಾಟಕ ಅಂತ ಯೋಚಿಸಿದ್ದರು, ತನ್ನ ಹೆಂಡತಿ ಜೀನಾ ರೋಲಂಡ್ಸ್ ಮಾಡಲಿ ಅಂತ. ದಿನಾ ರಾತ್ರಿ ವೇದಿಕೆ ಮೇಲೆ ಈ ಪಾತ್ರ ಮಾಡಿದರೆ ತಾನು ಉಳಿಯುವುದಿಲ್ಲ ಅನ್ನಿಸಿ ಆಕೆ ಹಿಂದೆ ಸರಿದರು. ಹಾಗಾಗಿ ಸಿನಿಮಾ ಆಯಿತು, ಅದರಲ್ಲಿ ಮೇಬಲ್ ಆಕೆಯೇ ಆದರು. ದೊಡ್ಡ ಸ್ಟುಡಿಯೋಗಳ ದುಡ್ಡು ಇದಕ್ಕೆ ಸಿಗಲಿಲ್ಲ. ಕ್ಯಾಸವೆಟೀಸ್ ಮನೆ ಅಡವಿಟ್ಟರು. ನಿಕ್ ಪಾತ್ರ ಮಾಡಿದ ಪೀಟರ್ ಫಾಕ್ ಆಗ 'ಕೊಲಂಬೋ' ಪತ್ತೇದಾರಿ ಧಾರಾವಾಹಿಯಿಂದ ಮನೆಮಾತಾಗಿದ್ದವರು. ಅವರು ತಮ್ಮ ಕೈಯಿಂದ 5 ಲಕ್ಷ ಡಾಲರ್ ಹಾಕಿದರು. ಸಿನಿಮಾ ಮುಗಿದ ಮೇಲೆ ವಿತರಕರೂ ಸಿಗಲಿಲ್ಲ. ಕೊನೆಗೆ ಕ್ಯಾಸವೆಟೀಸ್ ತಾವೇ ಥಿಯೇಟರುಗಳಿಗೆ ಫೋನ್ ಮಾಡಿ ಹಾಕಿಸಿದರು. ಆಮೇಲೆ ರೋಲಂಡ್ಸ್ ಮತ್ತು ಕ್ಯಾಸವೆಟೀಸ್ ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶನವಾದದ್ದು, 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸಿನಿಮಾ ಸೇರಿದ್ದು, ಅದೆಲ್ಲಾ ಸರಿ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ ವಿಷಯ ಬೇರೆ. ನಿಕ್ ತಾಯಿಯಾಗಿ ನಟಿಸಿದವರು ಕ್ಯಾಸವೆಟೀಸ್ ಅವರ ಸ್ವಂತ ತಾಯಿ. ಮೇಬಲ್ ತಾಯಿಯಾಗಿ ನಟಿಸಿದವರು ರೋಲಂಡ್ಸ್ ಅವರ ಸ್ವಂತ ತಾಯಿ. ಮಗಳು ಹೀಗೆ ಒಡೆದುಹೋಗುವುದನ್ನು ಹೆತ್ತವಳು ಎದುರಿಗೇ ಕೂತು ನೋಡಬೇಕು, ನಟನೆಗಾದರೂ ಸರಿ. ಆ ತಾಯಿಯ ಮುಖ ತೆರೆಯ ಮೇಲೆ ಬಂದಾಗಲೆಲ್ಲಾ ನನಗೆ ಇದು ನೆನಪಾಗುತ್ತದೆ.

ದುಃಖದ ಸಿನಿಮಾಗಳೆಲ್ಲಾ ನನಗೆ ದೊಡ್ಡವು ಅನ್ನಿಸುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ಒಂದು ಪಾತ್ರದ ತಲೆಮೇಲೆ ಕಷ್ಟದ ಮೇಲೆ ಕಷ್ಟ ಸುರಿದು, ಇನ್ನೂ ಅಳಲಿಲ್ವಾ ಅಂತ ನಮ್ಮ ಕಡೆ ತಿರುಗಿ ನೋಡುವ ಸಿನಿಮಾಗಳು ಬೇಕಾದಷ್ಟಿವೆ. ಅಂಥವನ್ನು ನೋಡಿದ ಮೇಲೆ ನನಗೆ ಸಿಟ್ಟು ಬರುತ್ತದೆ. ಇಲ್ಲಿ ಹಾಗಿಲ್ಲ. ಇಲ್ಲಿ ಖಳ ಇಲ್ಲ. ಯಾವಾಗ ಅಳಬೇಕು ಅಂತ ಸಂಗೀತ ಹೇಳಿಕೊಡುವುದಿಲ್ಲ. ಮೇಬಲ್‌ಗೆ ಏನಾಗಿದೆ ಅಂತ ಒಂದು ಕಾಯಿಲೆಯ ಹೆಸರನ್ನೂ ಕೊಡುವುದಿಲ್ಲ. ಹೆಸರು ಕೊಟ್ಟಿದ್ದರೆ ನಾವು ಅದನ್ನು ಹಿಡಿದುಕೊಂಡು ದೂರ ಕೂರಬಹುದಿತ್ತು. ನಿಕ್ ಅವಳನ್ನು ಪ್ರೀತಿಸುತ್ತಾನೆ, ಅದರಲ್ಲಿ ಅನುಮಾನವೇ ಬೇಡ. ಆದರೆ ಕಿರುಚುವವನು ಅವನು. ಕೈ ಎತ್ತುವವನು ಅವನು. ಅವಳು ಆಸ್ಪತ್ರೆಯಲ್ಲಿದ್ದಾಗ ಮಕ್ಕಳನ್ನು ಶಾಲೆಯಿಂದ ಎಬ್ಬಿಸಿ ಟ್ರಕ್ಕಿನಲ್ಲಿ ಸಮುದ್ರತೀರಕ್ಕೆ ಕರೆದುಕೊಂಡು ಹೋಗಿ ಬಿಯರ್ ಕುಡಿಸುವವನೂ ಅವನೇ. ಅವನನ್ನು ಯಾರೂ ಆಸ್ಪತ್ರೆಗೆ ಸೇರಿಸುವುದಿಲ್ಲ. ಸಿನಿಮಾ ಇದನ್ನು ಬೆರಳಿಟ್ಟು ತೋರಿಸುವುದೂ ಇಲ್ಲ. ಸುಮ್ನೆ ಪಕ್ಕಪಕ್ಕ ಇಟ್ಟು ಬಿಡುತ್ತದೆ.

ಕರುಣ ರಸದ ಜಗಳ

ಅಳಿಸುವ ನಾಟಕವನ್ನು ಜನ ಯಾಕೆ ಹುಡುಕಿಕೊಂಡು ಹೋಗಿ ನೋಡುತ್ತಾರೆ ಅನ್ನುವುದು ಹಳೇ ಪ್ರಶ್ನೆ. ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಸಾಮಾನ್ಯವಾಗಿ ಗೊತ್ತಿರುವ ಉತ್ತರ ಕಾಶ್ಮೀರದ ಹಳೇ ಪಂಡಿತ ಅಭಿನವಗುಪ್ತನದು. ರಸ, ಅಂದರೆ ನಾಟಕ ನೋಡುವಾಗ ನಮಗಾಗುವ ಭಾವದ ಅನುಭವ, ಅಂದಮೇಲೆ ಅದು ಆನಂದವೇ. ಕರುಣವೂ ಆನಂದವೇ. ಲೋಕದ ಶೋಕ ಬೇರೆ, ನಾಟಕದ ಶೋಕ ಬೇರೆ. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಒಪ್ಪಿಕೊಂಡೂ ಇದ್ದೆ. ಮೇಬಲ್ ಎದುರು ಈ ಮಾತು ನಿಲ್ಲಲಿಲ್ಲ. ಆನಂದವಾಗಿದ್ದರೆ ನಾನ್ಯಾಕೆ ಎದ್ದು ಹೋದೆ?

ಆಮೇಲೆ ನನಗೆ ಜೊತೆ ಸಿಕ್ಕಿದ್ದು ನಾಟಕದ ಬಗ್ಗೆ ಬರೆದ 12ನೇ ಶತಮಾನದ ಸಂಸ್ಕೃತ ಗ್ರಂಥ 'ನಾಟ್ಯದರ್ಪಣ'ದಲ್ಲಿ. ಬರೆದವರು ರಾಮಚಂದ್ರ ಮತ್ತು ಗುಣಚಂದ್ರ ಅನ್ನುವ ಇಬ್ಬರು, ಜೈನ ಪಂಡಿತ ಹೇಮಚಂದ್ರನ ಶಿಷ್ಯರು. ಅವರು ಧೈರ್ಯವಾಗಿ ಬೇರೆ ಮಾತು ಹೇಳುತ್ತಾರೆ. ರಸದಲ್ಲಿ ಸುಖವೂ ಇದೆ, ದುಃಖವೂ ಇದೆ. ಶೃಂಗಾರ, ಹಾಸ್ಯ, ವೀರ, ಅದ್ಭುತ, ಶಾಂತ ಇವು ಸುಖದವು. ಕರುಣ, ರೌದ್ರ, ಬೀಭತ್ಸ, ಭಯಾನಕ ಇವು ದುಃಖದವು. ನೋಡುವವರಿಗೆ ನಿಜವಾಗಿಯೂ ಸಂಕಟವೇ ಆಗುತ್ತದೆ. ಹಾಗಾದರೆ ನೋಡೋದ್ಯಾಕೆ? ಕವಿಯ ಮತ್ತು ನಟನ ಶಕ್ತಿಗೆ ಬೆರಗಾಗಿ, ಅಂತಾರೆ. ಅದಕ್ಕೆ ಅವರು ಕೊಡುವ ಹೋಲಿಕೆ ಓದಿ ನಾನು ಪುಸ್ತಕ ಕೆಳಗಿಟ್ಟಿದ್ದೆ. ತನ್ನ ತಲೆಯನ್ನೇ ಕಡಿಯುವ ಶತ್ರುವಾದರೂ ಸರಿ, ಅವನು ಹೊಡೆಯುವ ಕುಶಲತೆ ಕಂಡು ಶೂರನಾದವನು ಬೆರಗಾಗುತ್ತಾನಂತೆ. ಎಂಟುನೂರು ವರ್ಷಕ್ಕೂ ಹಿಂದೆ ಯಾರೋ ಇಬ್ಬರು ನನ್ನ ಸೋಫಾದ ಸಂಕಟಕ್ಕೆ ಮಾತು ಕೊಟ್ಟಿದ್ದರು.

ಆದರೆ ಪೂರ್ತಿ ಒಪ್ಪಲು ನನಗೆ ಇನ್ನೂ ಆಗಿಲ್ಲ. ರೋಲಂಡ್ಸ್ ಅವರ ಕೈಚಳಕ ಅಂತ ನನಗೆ ಕಂಡದ್ದು ಮೂರನೇ ಸಲ ನೋಡಿದಾಗ. ಹೆಬ್ಬೆರಳನ್ನು ಭುಜದ ಹಿಂದಕ್ಕೆ ಝಾಡಿಸುವುದು, ತುಟಿ ಒತ್ತಿ ಬುರ್ರ್ ಅನ್ನುವುದು, ಒಂದು ಮಾತು ಶುರುಮಾಡಿ ಅದನ್ನು ಮುಖದಲ್ಲೇ ಮುಗಿಸುವುದು. ಶಾಲೆಯ ಬಸ್ ಬರುವ ಹೊತ್ತಿಗೆ ರಸ್ತೆಯಲ್ಲಿ ನಿಂತು ದಾರಿಹೋಕರನ್ನು ಟೈಮ್ ಎಷ್ಟು ಅಂತ ಕೇಳುತ್ತಾಳೆ, ಅವರು ಉತ್ತರ ಕೊಡದೆ ಸರಸರ ಹೋಗಿಬಿಡುತ್ತಾರೆ. ಆಗ ಅವಳು ನಿಂತಲ್ಲೇ ಕುಪ್ಪಳಿಸುವ ರೀತಿ ನೋಡಬೇಕು. ಮಕ್ಕಳು ಬರುವ ಸಂಭ್ರಮ ಅವಳ ಮೈಯಲ್ಲಿ ಹಿಡಿಸುತ್ತಿಲ್ಲ. ಆ ಒಂದೊಂದು ಸನ್ನೆಯನ್ನೂ ಯೋಚಿಸಿ ಇಟ್ಟಿದ್ದಾರೆ ಅಂತ ಬೆರಗಾದೆ. ಮೊದಲೆರಡು ಸಲ ಬೆರಗು ಎಲ್ಲಿತ್ತು? ಹೆದರಿಕೆ ಇತ್ತು. ಮುಜುಗರ ಇತ್ತು. ಚಿಕ್ಕಮ್ಮನ ಲೋಟ ಇತ್ತು. ಆದರೂ ನನ್ನನ್ನು ವಾಪಸ್ ಎಳೆದು ತಂದದ್ದು ಅದೇ. ನಟನೆ ಚೆಂದ ಇತ್ತು ಅಂತ ನಾನು ಎರಡನೇ ಸಲ ಹೋಗಲಿಲ್ಲ. ಅರ್ಧಕ್ಕೆ ಬಿಟ್ಟುಬಂದ ಮನುಷ್ಯರನ್ನು ನೋಡಲು ಹೋದ ಹಾಗೆ ಹೋದೆ.

ನನ್ನ ಪರ ನಿಲ್ತೀಯಾ ಅಪ್ಪಾ

ಆಸ್ಪತ್ರೆಯಿಂದ ಮೇಬಲ್ ವಾಪಸ್ ಬರುವ ದಿನ ನಿಕ್ ಮನೆ ತುಂಬಾ ಜನ ಕರೆದಿರುತ್ತಾನೆ. ಅವನ ತಾಯಿ ಗದರಿಸಿದ ಮೇಲೆ ಅವರನ್ನೆಲ್ಲಾ ಕಳಿಸುತ್ತಾನೆ. ಹತ್ತಿರದವರು ಉಳಿಯುತ್ತಾರೆ. ಒಳಗೆ ಬರುವ ಮೇಬಲ್ ಮೊದಲಿನ ಮೇಬಲ್ ಅಲ್ಲ. ಮೆಲ್ಲಗೆ ಮಾತಾಡುತ್ತಾಳೆ. ತಪ್ಪಾಗದ ಹಾಗೆ ಕೂರುತ್ತಾಳೆ. ಎಲ್ಲರೂ ಬಯಸಿದ್ದು ಇದನ್ನೇ ಅಲ್ವಾ? ಈಗ ಯಾರಿಗೂ ಅದೂ ಬೇಡ. ನಿಕ್‌ಗಂತೂ ತಡೆಯಲಾಗುವುದಿಲ್ಲ. ಮೊದಲಿನ ಹಾಗೆ ಇರು, ನೀನು ನೀನಾಗಿರು ಅಂತ ಅವಳ ಬೆನ್ನು ಹತ್ತುತ್ತಾನೆ. ಕೂತ್ಕೋ ಅಂದವನೇ ಈಗ ಏಳು ಅನ್ನುತ್ತಿದ್ದಾನೆ. ಅವಳು ಯಾವುದನ್ನು ಮಾಡಬೇಕು?

ಆಗ ಮೇಜಿನಲ್ಲಿ ಮೇಬಲ್ ತನ್ನ ತಂದೆಯನ್ನು ಕೇಳುತ್ತಾಳೆ, ಅಪ್ಪಾ, ನನ್ನ ಪರವಾಗಿ ನಿಲ್ತೀಯಾ? ತಂದೆ ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ. ಅಷ್ಟೇ. ಅವನಿಗೆ ಅರ್ಥವಾಗಿಲ್ಲ. ಮಗಳು ನಿಲ್ಲು ಅಂದಳು, ನಿಂತ. ಅವಳು ಹಾಗಲ್ಲ ಅಂತಾಳೆ. ಅವನು ಕೂರುತ್ತಾನೆ. ಮತ್ತೆ ಕೇಳುತ್ತಾಳೆ. ಮತ್ತೆ ಏಳುತ್ತಾನೆ. ಎರಡನೇ ಸಲ ಕೂತು ಇಲ್ಲಿಯವರೆಗೆ ನೋಡಿದಾಗ ನನಗೆ ನಗು ಬಂದು, ಅರ್ಧಕ್ಕೇ ನಿಂತುಹೋಯಿತು. ಅವನು ಕೆಟ್ಟ ತಂದೆ ಅಲ್ಲ. ಮಗಳಿಗಾಗಿ ತನಗೆ ಗೊತ್ತಿರುವುದನ್ನು ಮಾಡುತ್ತಿದ್ದಾನೆ. ಅವನಿಗೆ ಗೊತ್ತಿರುವುದು ಎದ್ದು ನಿಲ್ಲುವುದು ಮಾತ್ರ. ಈ ಒಂದು ನಿಮಿಷಕ್ಕಾಗಿ ನಾನು ಆ ಎರಡೂವರೆ ಗಂಟೆಯನ್ನು ಮತ್ತೆ ಹೊತ್ತುಕೊಳ್ಳುತ್ತೇನೆ. ಒಬ್ಬ ವೈದ್ಯ, ಒಬ್ಬ ಗಂಡ, ಇಬ್ಬರು ತಾಯಂದಿರು, ಅಷ್ಟೊಂದು ಮಾತು, ಅಷ್ಟೊಂದು ಕಿರುಚಾಟ, ಯಾವುದೂ ಹೇಳಲಾಗದ್ದನ್ನು ಕುರ್ಚಿಯ ಪಕ್ಕ ಪೆಚ್ಚಾಗಿ ನಿಂತ ಆ ಮುದುಕ ಹೇಳಿಬಿಡುತ್ತಾನೆ.

ಅವತ್ತು ಮಧ್ಯಾಹ್ನ ನನ್ನ ಚಿಕ್ಕಮ್ಮನ ಪರ ಯಾರೂ ನಿಲ್ಲಲಿಲ್ಲ. ಹಾಗೆ ತಪ್ಪು ತಿಳಿದುಕೊಂಡಾದರೂ ಎದ್ದು ನಿಂತವರು ಇರಲಿಲ್ಲ. ಆಮೇಲೆ ಒಂದು ಸಲ ನಾನು ಅವರ ಹತ್ತಿರ ಆ ದಿನದ ಮಾತು ತೆಗೆದೆ. ಅವರು ನನ್ನ ಕೈ ತಟ್ಟಿ "ಆ ಹುಡುಗ ಈಗ ಹಾಡ್ತಾನಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ತಟ್ಟೆ ಎತ್ತುವುದು

ಕೊನೆಯಲ್ಲಿ ಎಲ್ಲರೂ ಹೊರಟುಹೋಗುತ್ತಾರೆ. ಅಷ್ಟರಲ್ಲಿ ನಡೆಯಬಾರದ್ದೆಲ್ಲಾ ಇನ್ನೊಮ್ಮೆ ನಡೆದಿದೆ. ಮಕ್ಕಳು ತಾಯಿಯನ್ನು ಕಾಯಲು ಪುಟ್ಟ ಕೈಗಳಿಂದ ತಂದೆಯನ್ನು ತಳ್ಳಿದ್ದಾರೆ. ಅವನು ಅವರನ್ನು ಎತ್ತಿಕೊಂಡು ಹೋಗಿ ಮಹಡಿ ಮೇಲೆ ಬಿಟ್ಟರೆ ಮತ್ತೆ ಮತ್ತೆ ಕೆಳಗೆ ಓಡಿ ಬಂದಿದ್ದಾರೆ. ಈಗ ಮಲಗಿದ್ದಾರೆ. ನಿಕ್ ಅವಳ ಕೈಯ ಗಾಯಕ್ಕೆ ಪಟ್ಟಿ ಕಟ್ಟುತ್ತಾನೆ. ನನ್ನನ್ನು ಪ್ರೀತಿಸ್ತೀಯಾ ಅಂತ ಅವಳು ಕೇಳಿದರೆ ಅವನಿಗೆ ನೇರ ಉತ್ತರ ಹೇಳಲು ಬರುವುದಿಲ್ಲ. ಮನೆ ಸರಿಮಾಡೋಣ ಬಾ ಅನ್ನುತ್ತಾನೆ. ಇಬ್ಬರೂ ಮೇಜು ಖಾಲಿ ಮಾಡುತ್ತಾರೆ. ತಟ್ಟೆ, ಲೋಟ ಒಳಗೆ ಹೋಗುತ್ತವೆ. ಆ ಊಟದ ಕೋಣೆಯಲ್ಲೇ ಮಡಚುವ ಹಾಸಿಗೆ ಬಿಡಿಸುತ್ತಾರೆ, ಅವರು ದಿನಾ ಮಲಗುವುದು ಅಲ್ಲೇ. ಮಾತಿಲ್ಲ. ಏನೂ ಸರಿಹೋಗಿಲ್ಲ. ನಾಳೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಆದರೆ ಒಬ್ಬರು ಒಂದು ತುದಿ ಹಿಡಿದರೆ ಇನ್ನೊಬ್ಬರು ಕೇಳದೆಯೇ ಇನ್ನೊಂದು ತುದಿ ಹಿಡಿಯುತ್ತಾರೆ. ಸಾವಿರ ಸಲ ಮಾಡಿದ ಕೆಲಸ, ಕೈಗೆ ಗೊತ್ತು. ಎಲ್ಲೋ ಫೋನ್ ಬಡಿದುಕೊಳ್ಳುತ್ತಿರುತ್ತದೆ. ಯಾರೂ ಎತ್ತುವುದಿಲ್ಲ.

ತಂಗಿಗೆ ನಿನ್ನೆ ಫೋನ್ ಮಾಡಿದೆ. ಚೆನ್ನಾಗಿದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. "ಒಬ್ಬಳೇ ನೋಡ್ಬೇಡ. ಭಾನುವಾರ ಬಾ, ಒಟ್ಟಿಗೆ ನೋಡೋಣ" ಅಂದೆ. "ಅಷ್ಟೊಂದು ಭಯಾನಾ ಅಕ್ಕಾ?" ಅಂದಳು. "ಭಯ ಅಲ್ಲ ಕಣೆ. ಮಧ್ಯದಲ್ಲಿ ನಿಲ್ಲಿಸ್ಬೇಕು ಅನ್ನಿಸಿದ್ರೆ ಹೇಳು, ನಿಲ್ಲಿಸೋಣ." ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಚಿಕ್ಕಮ್ಮನನ್ನೂ ಕರೀಲಾ ಅಂತ ಕೇಳಿದಳು. ಸಿನಿಮಾಕ್ಕೆ ಬೇಡ, ಊಟಕ್ಕೆ ಕರಿ ಅಂದೆ.